ಬೀದಿಗೆ ಬಂದ ಬಂಗಾರದ ಬಂಡಿ

ಸರ್ಕಸ್ ಎಂದೊಡನೆ ನಮ್ಮ ಸೀಮೆಯವರಿಗೆ ನೆನಪಾಗುವುದು ತಲಶ್ಶೇರಿ. ಅಲ್ಲಿನ ಚಿರಕ್ಕರದಲ್ಲಿ ಕೀಲೇರಿ ಕುಂಞಿಕ್ಕಣ್ಣನ್ 1901ರಲ್ಲಿ ಶಾಲೆ ತೆರೆದು ಸರ್ಕಸ್ ವಿದ್ಯೆ ಕಲಿಸಿದರು. ಅದು ಮೈಯನ್ನು ಪಳಗಿಸುವ ಕಲೆ. ಅದೇ ಕಾಲಕ್ಕೆ ಅಮೆರಿಕದ ಸರ್ಕಸ್ಸು ಮರದಲ್ಲಿ ಇನ್ನೊಂದು ಕಲೆಯನ್ನು ಬೆಳೆಸಿತ್ತು: ಮೆರವಣಿಗೆಯ ಬಂಡಿಗಳು.

ಬೆಳಗಿನ ಜಾವ ರೈಲಿನಲ್ಲಿ ಬಂದಿಳಿದ ಸರ್ಕಸ್ಸು, ಮಧ್ಯಾಹ್ನದ ಆಟಕ್ಕೆ ಮುನ್ನ ಪೇಟೆಬೀದಿಯಲ್ಲಿ ಮೆರವಣಿಗೆ ಹೊರಡುತ್ತಿತ್ತು. ಮುಂದೆ ವಾದ್ಯದ ಬಂಡಿ, ಹಿಂದೆ ಹುಲಿ ಸಿಂಹಗಳ ಬೋನುಗಳು, ಆನೆಗಳು. ಎಲ್ಲಕ್ಕೂ ಕೊನೆಯಲ್ಲಿ ಆವಿಯಿಂದ ಊದುವ ಕ್ಯಾಲಿಯೋಪ್. ಬಂಡಿಗಳ ಮೈತುಂಬ ಉಬ್ಬುಕೆತ್ತನೆ, ಚಿನ್ನದ ರೇಕು. ಚಕ್ರದ ಅರಗಳ ನಡುವೆ ಸೂರ್ಯಕಿರಣದಂತೆ ಬಣ್ಣದ ಹಲಗೆಗಳು. 1903ರಲ್ಲಿ ಬಾರ್ನಮ್ ಮತ್ತು ಬೈಲಿ ಕಂಪೆನಿ ಕಟ್ಟಿಸಿದ ‘ಎರಡು ಗೋಳಾರ್ಧ’ಗಳ ಬಂಡಿಯನ್ನು 40 ಕುದುರೆಗಳು ಎಳೆಯುತ್ತಿದ್ದವು. ಅದರ ಒಂದು ಮಗ್ಗುಲಲ್ಲಿ ಪೂರ್ವ ಗೋಳಾರ್ಧ, ಇನ್ನೊಂದರಲ್ಲಿ ಪಶ್ಚಿಮ.

ಇದು ಜಾಹೀರಾತು, ನಿಜ. ಆದರೆ ಟಿಕೇಟಿಗೆ ಕಾಸಿಲ್ಲದವನಿಗೂ ದಕ್ಕಿದ ಶಿಲ್ಪ ಇದು.  ನ್ಯೂಯಾರ್ಕಿನ ಸ್ಯಾಮುವೆಲ್ ರಾಬ್‌ನಂಥವರು ಹೊಗೆಸೊಪ್ಪಿನ ಅಂಗಡಿಯೆದುರು ನಿಲ್ಲಿಸುವ ಬೊಂಬೆಗಳನ್ನು ಕೆತ್ತಿದ ಕೈಯಲ್ಲೇ ಬಂಡಿಗೂ ಉಳಿ ಹಿಡಿದರು. ನಮ್ಮ ತೇರುಗಳಲ್ಲಿರುವಂತೆ ಅಲ್ಲೂ ಮೆರೆದದ್ದು ಮಾಡಿಸಿದವರ ಹೆಸರು. ಕೆತ್ತಿದ ಬಹುಪಾಲು ಜನ ಅಜ್ಞಾತರು.

ಚಿನ್ನದ ರೇಕಿನ ಮರೆಯಲ್ಲಿ ಸಮಾಜದ ಗೆರೆಗಳೂ ಇದ್ದವು. ಕಪ್ಪು ಜನಾಂಗದ ವಾದ್ಯಗಾರರಿಗೆ ಮೆರವಣಿಗೆಯಲ್ಲಿ ಬೇರೆಯೇ ಬಂಡಿ. ಪಿ.ಜಿ. ಲೋರಿಯಂಥ ಹೆಸರಾಂತ ಕಾರ್ನೆಟ್ ವಾದಕನ ತಂಡಕ್ಕೂ ದೊರೆತದ್ದು ದೊಡ್ಡ ಡೇರೆಯಲ್ಲ, ಪಕ್ಕದ ಸಣ್ಣ ಡೇರೆ. ಬೀದಿಯಲ್ಲಿ ಎಲ್ಲರಿಗೂ ಕೇಳಿದ ಸಂಗೀತ, ಡೇರೆಯ ಬಾಗಿಲಲ್ಲಿ ಬಣ್ಣ ನೋಡಿ ಬೇರ್ಪಟ್ಟಿತು.

ಮೋಟಾರು, ಟ್ರಾಮುಗಳಿಂದ ಬೀದಿ ಇಕ್ಕಟ್ಟಾಯಿತು. ಡೇರೆ ಹೂಡುವ ಬಯಲು ಊರಿನಿಂದ ದೂರ ಸರಿಯಿತು. 1920ರ ದಶಕದಲ್ಲಿ ದೊಡ್ಡ ಕಂಪೆನಿಗಳು ಮೆರವಣಿಗೆಯನ್ನು ಬಿಟ್ಟವು. ಎಷ್ಟೋ ಬಂಡಿಗಳು ಮಳೆಗೆ ಕೊಳೆತವು, ಬೆಂಕಿಗೆ ಬಿದ್ದವು. ರಿಂಗ್ಲಿಂಗ್ ಸೋದರರು 1884ರಲ್ಲಿ ಸರ್ಕಸ್ ಆರಂಭಿಸಿದ ವಿಸ್ಕಾನ್ಸಿನ್ನಿನ ಬಾರಬೂ ಊರಿನಲ್ಲಿ 1959ರಲ್ಲಿ ವಸ್ತುಸಂಗ್ರಹಾಲಯ ತೆರೆದ ಮೇಲೆ, ಅಳಿದುಳಿದವುಗಳನ್ನು ಅಲ್ಲಲ್ಲಿಂದ ತಂದು ದುರಸ್ತಿ ಮಾಡಲಾಯಿತು. 1963ರಿಂದ ಮಿಲ್ವಾಕಿಯ ಬೀದಿಗಳಲ್ಲಿ ಹಲವು ವರ್ಷ ಅವು ಮತ್ತೆ ಉರುಳಿದವು.

ಜನರ ಕಲೆಗೆ ಬೆಲೆ ಬರುವುದು ಅದು ಬೀದಿಯಿಂದ ಮರೆಯಾದ ಮೇಲೆಯೇ. ಮರವನ್ನಾದರೂ ಹೀಗೆ ದುರಸ್ತಿ ಮಾಡಿ ನಿಲ್ಲಿಸಬಹುದು. ತಲಶ್ಶೇರಿಯ ಕಲಾವಿದರು ಮೈಯಲ್ಲೇ ಹೊತ್ತು ತಿರುಗಿದ ವಿದ್ಯೆಯನ್ನು ಅವರ ಕಾಲದಲ್ಲೇ ಬರೆದಿಡಬೇಕು.