ಕರ್ನಲ್ಲಿನ ಜಾಲಭಾಗದಲ್ಲಿ ಆಂತರಿಕ ದೋಷಗಳ ನಿರ್ವಹಣೆ

ಆಪರೇಟಿಂಗ್ ಸಿಸ್ಟಮಿನ ಕರ್ನಲ್ಲು ತನ್ನ ಲೆಕ್ಕಗಳೇ ಒಂದಕ್ಕೊಂದು ತಾಳೆಯಾಗದಿರುವುದನ್ನು ಕಂಡಾಗ ಯಂತ್ರವನ್ನೇ ನಿಲ್ಲಿಸಬೇಕೋ, ಕೈಯಲ್ಲಿರುವ ಪ್ಯಾಕೆಟ್ಟೊಂದನ್ನು ಮಾತ್ರ ತ್ಯಜಿಸಿ ಮುಂದುವರಿಯಬೇಕೋ ಎಂಬುದು ಈ ವಿಷಯದ ಮೂಲಪ್ರಶ್ನೆ.

ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿಗಾಗಿ ತಾವು ಬರೆಯುವ ಕೋಡಿನಲ್ಲಿ ಅರ್ಧದಷ್ಟು ದೋಷಪರಿಹಾರಕ್ಕೇ ವ್ಯಯವಾಗುವುದೆಂದು ಟಾಮ್ ವ್ಯಾನ್ ವ್ಲೆಕ್ ಹೇಳಿದಾಗ, ಯುನಿಕ್ಸ್ ನಿರ್ಮಾತೃಗಳಲ್ಲೊಬ್ಬರಾದ ಡೆನಿಸ್ ರಿಚಿಯವರು, ಯುನಿಕ್ಸ್‌ನಲ್ಲಿ ಅದನ್ನೆಲ್ಲ ಬಿಟ್ಟು ಯಂತ್ರವನ್ನು ನಿಲ್ಲಿಸುವ 'ಪ್ಯಾನಿಕ್' ಎಂಬುದೊಂದನ್ನು ಇಟ್ಟಿರುವುದಾಗಿಯೂ, ಯಂತ್ರ ನಿಂತರೆ ಮರುಚಾಲನೆ ಮಾಡಿರೆಂದು ಕೂಗಿ ಹೇಳುವುದಾಗಿಯೂ ಉತ್ತರವಿತ್ತರು. ಒಂದೇ ಕಟ್ಟಡದ ಕೆಲವರು ಬಳಸುವ ಯಂತ್ರಕ್ಕೆ ಅದು ಸಲ್ಲುವ ನಿರ್ಣಯವೇ ಸರಿ. ಆದರೆ 1983ರಲ್ಲಿ 4.2ಬಿಎಸ್‌ಡಿ ಟಿಸಿಪಿ/ಐಪಿಯೊಡನೆ ಹೊರಬಂದು, ಜಾಲವು ಕ್ರಮೇಣ ಲೋಕವ್ಯಾಪಿಯಾದಮೇಲೆ, ಕರ್ನಲ್ಲಿನ ಲೆಕ್ಕ ತಪ್ಪಿಸುವ ಶಕ್ತಿ ಎಲ್ಲಿಯೋ ಕುಳಿತ ಅಪರಿಚಿತನ ಕೈಗೂ ಬಂದಿತು. ಜೋಡಿಸಿದಾಗ 65,535 ಬೈಟುಗಳ ಮಿತಿ ಮೀರುವ ತುಣುಕುಗಳನ್ನು ಕಳುಹಿಸಿ ಯಂತ್ರಗಳನ್ನು ಕೆಡವಿದ 'ಪಿಂಗ್ ಆಫ್ ಡೆತ್' 1990ರ ದಶಕದ್ದು.

ಇದಕ್ಕಿಂತಲೂ ಬೋಧಪ್ರದವಾದುದು, 2019ರ ಜೂನ್‌ನಲ್ಲಿ ಬೆಳಕಿಗೆ ಬಂದ, ನೆಟ್‌ಫ್ಲಿಕ್ಸ್‌ನ ಜೊನಾಥನ್ ಲೂನಿ ಕಂಡುಹಿಡಿದ 'ಸ್ಯಾಕ್ ಪ್ಯಾನಿಕ್' ಎಂಬ ಲಿನಕ್ಸ್ ದೋಷ; ತಲಪಿದ ಭಾಗಗಳನ್ನು ಆಯ್ದು ತಿಳಿಸುವ ಟಿಸಿಪಿ ಸ್ವೀಕೃತಿಗೆ ಸ್ಯಾಕ್ ಎಂದು ಹೆಸರು. ಲಿನಕ್ಸ್ ಒಂದು ಬಫರಿನಲ್ಲಿ 32 ಕಿಲೋಬೈಟಿನ 17 ತುಣುಕುಗಳನ್ನು ಹಿಡಿಸಬಲ್ಲದು. ಎದುರು ಯಂತ್ರವು 48 ಬೈಟುಗಳ ಕನಿಷ್ಠ ಗಾತ್ರವನ್ನೇ ಕೋರಿದರೆ, ಸೆಗ್ಮೆಂಟೊಂದರಲ್ಲಿ ದತ್ತಾಂಶಕ್ಕೆ 8 ಬೈಟುಗಳಷ್ಟೇ ಉಳಿದು, ಸೆಗ್ಮೆಂಟುಗಳ ಸಂಖ್ಯೆ 69,632ಕ್ಕೆ ಏರುತ್ತದೆ. ಎಣಿಕೆಗೆ ಮೀಸಲಾದ 16 ಬಿಟ್‌ಗಳಲ್ಲಿ ಹಿಡಿಯುವುದಾದರೋ 65,535. ಎಣಿಕೆ ಉಕ್ಕಿ ಮತ್ತೆ ಸೊನ್ನೆಯಿಂದ ಮೊದಲಾಗಲು, 'ಬಗ್ ಆನ್' ಎಂಬ ಕಾವಲಿನ ಸಾಲು ಅಸಂಗತಿಯನ್ನು ಕಂಡು ಕರ್ನಲ್ಲನ್ನೇ ನಿಲ್ಲಿಸುತ್ತಿತ್ತು. ಕಾವಲು ಕಂಡದ್ದು ನಿಜ, ವಿಧಿಸಿದ ದಂಡ ಮಾತ್ರ ಅತಿಯಾಯಿತು. 2009ರ 2.6.29 ಆವೃತ್ತಿಯಿಂದಲೂ ಅಲ್ಲಿದ್ದ ಈ ದೋಷಕ್ಕೆ ದೊರೆತ ಪರಿಹಾರ ಸರಳ: ಸ್ಯಾಕ್ ಬಂದಾಗ ಬಫರುಗಳನ್ನು ಕೂಡಿಸುವ ಮುನ್ನವೇ ಮೊತ್ತ ಮಿತಿ ಮೀರುವಂತಿದೆಯೇ ಎಂದು ನೋಡಿ, ಮೀರುವಂತಿದ್ದರೆ ಕೂಡಿಸದಿರುವುದು.

ಜಾಲಭಾಗಕ್ಕೆ ಕರ್ನಲ್ಲಿನ ಇತರ ಭಾಗಗಳಿಗಿಲ್ಲದ ಅನುಕೂಲವೊಂದುಂಟು. ಪ್ಯಾಕೆಟ್ ತಲಪಿಯೇ ತೀರುವುದೆಂದು ಐಪಿ ಭರವಸೆ ಕೊಡುವುದಿಲ್ಲ. ಕಳೆದುಹೋದುದನ್ನು ಟಿಸಿಪಿ ಪುನಃ ಕಳುಹಿಸುತ್ತದೆ. ಆದುದರಿಂದ ಸಂಶಯಾಸ್ಪದವಾದ ಪ್ಯಾಕೆಟ್ಟನ್ನು ಎಸೆದು, ಅಂಕಿಯೊಂದನ್ನು ಹೆಚ್ಚಿಸಿ, ದೋಷಸಂಖ್ಯೆಯನ್ನು ಹಿಂತಿರುಗಿಸುವುದೇ ಇಲ್ಲಿ ಅತ್ಯುಚಿತ ಮಾರ್ಗ. ಆದರೆ ಯಂತ್ರದ ಸ್ಮೃತಿಯೇ ಕೆಟ್ಟಿರುವಲ್ಲಿ ಮುಂದುವರಿಯುವುದು ಅಪಾಯಕರವೆಂಬ ವಾದವೂ ಅಲಕ್ಷ್ಯಾರ್ಹವಲ್ಲ.

ಲಿನಕ್ಸ್ ದಾಖಲೆಗಳು ಈಗ ಹೊಸ 'ಬಗ್ ಆನ್' ಬಳಕೆಯನ್ನು ನಿರಾಕರಿಸಿ, ಎಚ್ಚರಿಕೆ ನೀಡಿ ಮುಂದುವರಿಯುವ 'ವಾರ್ನ್ ಆನ್ ಒನ್ಸ್' ಅನ್ನು ಸೂಚಿಸುತ್ತವೆ. ಎಚ್ಚರಿಕೆಯಾದೊಡನೆ ಯಂತ್ರ ನಿಲ್ಲುವಂತೆ ಹೊಂದಿಸಿಕೊಂಡವರೂ ಇರುವುದರಿಂದ, ಪರೀಕ್ಷಾರ್ಥವಾಗಿ ಕಟ್ಟಿದ ಕರ್ನಲ್ಲಿನಲ್ಲಿ ಮಾತ್ರ ಜೀವಂತವಾಗಿರುವ ಜಾಲಭಾಗದ ಪ್ರತ್ಯೇಕ ತಪಾಸಣೆಯೊಂದನ್ನು 2022ರಲ್ಲಿ ಎರಿಕ್ ಡುಮಾಜೆ ಸೇರಿಸಿದರು.