ಸ್ವಾಹಿಲಿ ಶಬ್ದಸಂಪತ್ತು

ಪೂರ್ವ ಆಫ್ರಿಕದ ಕರಾವಳಿಯಲ್ಲಿ ಬೆಳೆದು ಟಾಂಜಾನಿಯ, ಕೀನ್ಯಾ, ಉಗಾಂಡ, ಕಾಂಗೋ ದೇಶಗಳಿಗೆ ಹರಡಿರುವ ಬಾಂಟು ಭಾಷೆ ಸ್ವಾಹಿಲಿ. ಹೆಸರು ಮಾತ್ರ ಅರಬ್ಬಿಯದು: 'ಸವಾಹಿಲ್' ಎಂದರೆ ಕಡಲತೀರಗಳು. ಇದರ ನಿಘಂಟು ತೆರೆದರೆ ಕನ್ನಡಿಗರಿಗೆ ಪರಿಚಿತ ಮುಖಗಳೇ ಎದುರಾಗುತ್ತವೆ. ಕಿತಾಬು ಎಂದರೆ ಪುಸ್ತಕ, ದುನಿಯಾ ಎಂದರೆ ಜಗತ್ತು. ಹಬಾರಿ ನಮ್ಮ ಖಬರು, ವಕಾತಿ ನಮ್ಮ ವಖ್ತು. ಭಾರತದ ವ್ಯಾಪಾರಿಗಳ ಸಂಗಡ ಹೋದ ಗಾರಿ (ಗಾಡಿ), ಚಪಾತಿ, ಲಾಕಿ (ಲಕ್ಷ) ಕೂಡ ಅಲ್ಲಿವೆ. ಬಿಮಾ ಎಂಬುದು ನಮ್ಮ ವಿಮೆಯ ಒಡಹುಟ್ಟು. ಇಷ್ಟೊಂದು ಎರವಲು ಕಂಡವರು ಸ್ವಾಹಿಲಿಯನ್ನು ಅರಬ್ಬಿಯ ಕವಲೆಂದೋ ಕಲಬೆರಕೆ ಭಾಷೆಯೆಂದೋ ಕರೆದದ್ದುಂಟು. ಪದ ಎಲ್ಲಿಂದ ಬಂತೆಂಬುದನ್ನೇ ಪದದ ಸ್ವಭಾವವೆಂದು ತಿಳಿದದ್ದರಿಂದ ಆದ ತಪ್ಪು ಇದು. ಸ್ವಾಹಿಲಿಯಲ್ಲಿ ಪದದ ಮುಂದೆ ಕೂರುವ ಪ್ರತ್ಯಯಕ್ಕೆ ಅದರ ಹುಟ್ಟೂರಿಗಿಂತ ಹೆಚ್ಚಿನ ಅಧಿಕಾರವಿದೆ.

ಕನ್ನಡದಲ್ಲಿ ಪ್ರತ್ಯಯ ಪದದ ಬಾಲಕ್ಕೆ ಅಂಟುತ್ತದೆ. ಸ್ವಾಹಿಲಿಯಲ್ಲಿ ಬಹುಮಟ್ಟಿಗೆ ತಲೆಯ ಕಡೆ. 'ಮ್ತು' ಒಬ್ಬ ಮನುಷ್ಯನಾದರೆ 'ವತು' ಹಲವರು. 'ಕಿತಿ' ಒಂದು ಕುರ್ಚಿಯಾದರೆ 'ವಿತಿ' ಹಲವು. ನಾಮಪದಗಳೆಲ್ಲ ಇಂಥ ವರ್ಗಗಳಲ್ಲಿ ಹಂಚಿಹೋಗಿವೆ. ವಿಶೇಷಣ, ಕ್ರಿಯಾಪದಗಳೂ ಆ ವರ್ಗದ ಗುರುತನ್ನು ಹೊರಬೇಕು. ಅರಬ್ಬಿಯ 'ಕಿತಾಬ್' ಇಲ್ಲಿಗೆ ಬಂದಾಗ ಆದದ್ದನ್ನು ನೋಡಿ. ಅರಬ್ಬಿಯಲ್ಲಿ ಅದರ ಕಕಾರ ಧಾತುವಿನದೇ ಅಂಗ, ಬಹುವಚನ 'ಕುತುಬ್'. ಸ್ವಾಹಿಲಿಯ ಕಿವಿಗೆ ಆ 'ಕಿ' ತನ್ನದೇ ಪ್ರತ್ಯಯದಂತೆ ಕೇಳಿಸಿತು. ಹಾಗಾಗಿ ಬಹುವಚನ 'ವಿತಾಬು' ಆಯಿತು. 'ಕಿತಾಬು ಕಿಕುಬ್ವಾ ಕಿಮೆಅಂಗುಕಾ' ಎಂದರೆ ದೊಡ್ಡ ಪುಸ್ತಕ ಬಿದ್ದಿದೆ. ಬಿದ್ದವು ಹಲವಾದರೆ 'ವಿತಾಬು ವಿಕುಬ್ವಾ ವಿಮೆಅಂಗುಕಾ'. ಮೂರು ಪದಗಳಲ್ಲಿ ಅರಬ್ಬಿಯದು ಒಂದೇ, ಅದೂ ಬಾಂಟು ಕಟ್ಟಳೆಗೆ ತಲೆಬಾಗಿದೆ. ಅರಬ್ಬಿಯ 'ಮುಅಲ್ಲಿಮ್' (ಶಿಕ್ಷಕ) 'ಮ್ವಾಲಿಮು' ಆದಾಗಲೂ ಮೊದಲ ಮಕಾರ ಮನುಷ್ಯವರ್ಗದ ಗುರುತೆನಿಸಿ, ಶಿಕ್ಷಕರೆಲ್ಲ 'ವಾಲಿಮು' ಆದರು. ಇಂಗ್ಲಿಷಿನ ಗತಿಯೂ ಇದೇ. ರಸ್ತೆ ವೃತ್ತದ 'ಕೀಪ್ ಲೆಫ್ಟ್' ಫಲಕ 'ಕಿಪಿಲೆಫ್ಟಿ' ಎಂಬ ನಾಮಪದವಾಯಿತು, ವೃತ್ತ ಎರಡಿದ್ದರೆ 'ವಿಪಿಲೆಫ್ಟಿ'!

ಪ್ರತ್ಯಯದ ಅಧಿಕಾರ ವಚನಕ್ಕೆ ಮುಗಿಯುವುದಿಲ್ಲ, ಅರ್ಥವನ್ನೂ ಅದು ತಿದ್ದುತ್ತದೆ. 'ಮ್ಸ್ವಾಹಿಲಿ' ಎಂದರೆ ಆ ಜನರಲ್ಲೊಬ್ಬ, 'ಕಿಸ್ವಾಹಿಲಿ' ಎಂದರೆ ಅವರ ನುಡಿ. ಅರಬ್ಬಿಯಲ್ಲಿ ಗುಂಪು ಎಂಬ ಅರ್ಥದ 'ಜಮಾಅ' ಸ್ವಾಹಿಲಿಯಲ್ಲಿ ನೆಂಟರು, ಬಂಧುಬಳಗ ಎಂಬ 'ಜಮಾ' ಆಯಿತು. ಭಾವನಾಮ ಮಾಡುವ 'ಉ' ಮುಂದೆ ಸೇರಿ 'ಉಜಮಾ' ಹುಟ್ಟಿತು: ಒಂದೇ ಮನೆಯವರಂತೆ ಇರುವಿಕೆ. ಮ್ವಾಲಿಮು ಎಂದೇ ಕರೆಸಿಕೊಂಡ ಅಧ್ಯಕ್ಷ ಜೂಲಿಯಸ್ ನ್ಯೆರೆರೆ 1967ರ ಅರುಶಾ ಘೋಷಣೆಯ ಹೊತ್ತಿಗೆ ಟಾಂಜಾನಿಯದ ರಾಜನೀತಿಗೆ ಆರಿಸಿಕೊಂಡದ್ದು ಈ ಪದವನ್ನು. ಇಂಗ್ಲಿಷ್ ಪದಪಟ್ಟಿಗಳು ಅದರೆದುರು 'ಸೋಶಿಯಲಿಸಂ' ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಪದದೊಳಗಿನ ಮನೆತನ ಅಲ್ಲೇ ಕಳೆದುಹೋಗುತ್ತದೆ. ಒಂದು ಪದಕ್ಕೆ ಒಂದು ಸಮಾನಪದ ಎಂಬ ಕ್ರಮ ಎಡವುವುದು ಇಲ್ಲಷ್ಟೇ ಅಲ್ಲ. 'ಸಾ ಮೋಜಾ' ಅಕ್ಷರಶಃ ಒಂದು ಗಂಟೆ, ಆದರೆ ಬೆಳಗಿನ 'ಸಾ ಮೋಜಾ' ನಮ್ಮ ಏಳು ಗಂಟೆ, ಏಕೆಂದರೆ ಎಣಿಕೆ ಮುಂಜಾವಿನ ಆರರಿಂದ ಶುರು. ಸೂರ್ಯೋದಯದಿಂದ ಗಳಿಗೆ ಎಣಿಸಿದ ಪಂಚಾಂಗ ಬಲ್ಲವರಿಗೆ ಇದು ವಿಚಿತ್ರವಾಗಿ ಕಾಣದು. ಇನ್ನು 'ನಿನಾಕುಪೆಂದಾ' (ನಿನ್ನನ್ನು ಪ್ರೀತಿಸುತ್ತೇನೆ) ಎಂಬುದನ್ನು ನಿಘಂಟಿನ ನಕಾರದಲ್ಲಿ ಹುಡುಕಿದವರಿಗೆ ಅದು ಸಿಗುವುದೇ ಇಲ್ಲ. ನಾನು, ವರ್ತಮಾನ, ನಿನ್ನನ್ನು ಎಂಬ ಮೂರು ತುಣುಕು ಕಳಚಿದ ಮೇಲೆ ಉಳಿಯುವ 'ಪೆಂದಾ' ಪಕಾರದಲ್ಲಿದೆ.

ಎರವಲು ಬರೀ ಧರ್ಮ, ವ್ಯಾಪಾರದ ಪದಗಳಿಗೆ ನಿಂತಿಲ್ಲವಲ್ಲ ಎಂಬ ಆಕ್ಷೇಪಣೆ ಹಗುರವಾದದ್ದಲ್ಲ. ಸಂಖ್ಯೆಗಳಲ್ಲಿ ಒಂದರಿಂದ ಐದು, ಎಂಟು, ಹತ್ತು ಬಾಂಟುವಾದರೂ ಸಿತಾ (ಆರು), ಸಬಾ (ಏಳು), ತಿಸಾ (ಒಂಬತ್ತು) ಅರಬ್ಬಿಯವು. ನೆತ್ತರಿಗೆ 'ದಾಮು', ಕಡಲ ಮಕ್ಕಳ ನಿತ್ಯದ ಮೀನಿಗೂ 'ಸಮಾಕಿ' ಎಂಬ ಅರಬ್ಬಿ ಪದವೇ. 'ಆದರೆ' ಎನ್ನಲು 'ಲಾಕಿನಿ' ಬೇಕು. ಇದನ್ನು ಒಪ್ಪಲೇಬೇಕು. ಆದರೆ ನಾವೂ ನೆತ್ತರನ್ನು ಬದಿಗಿಟ್ಟು ರಕ್ತ ಎನ್ನುತ್ತೇವೆ, ಸಹಸ್ರವನ್ನು ಸಾವಿರ ಮಾಡಿಕೊಂಡಿದ್ದೇವೆ; ಅದರಿಂದ ಕನ್ನಡ ದ್ರಾವಿಡ ಭಾಷೆಯಲ್ಲದೆ ಹೋಗಲಿಲ್ಲ. ಅರಬ್ಬಿಯ 'ಬದಲ್' ಎರಡೂ ಕಡೆ ಹೋದ ಪದ. ಕನ್ನಡದಲ್ಲಿ ಅದು ನಮ್ಮದೇ ಪ್ರತ್ಯಯ ತೊಟ್ಟು 'ಬದಲಾಯಿಸು' ಆಯಿತು. ಸ್ವಾಹಿಲಿಯಲ್ಲಿ ಬದಲಿ ಮಾಡು ಎಂಬ 'ಬದಿಲಿ'ಗೆ ಪ್ರೇರಣಾರ್ಥದ 'ಶ' ಸೇರಿ 'ಬದಿಲಿಶಾ', ಪರಸ್ಪರತೆಯ 'ನ' ಸೇರಿ ಒಬ್ಬರಿಗೊಬ್ಬರು ಅದಲುಬದಲು ಮಾಡಿಕೊಳ್ಳುವ 'ಬದಿಲಿಶಾನಾ'. ಈ 'ಶ', 'ನ'ಗಳು ಬಾಂಟು ಮನೆಯವು. ಎರವಲು ಪದ ಎಷ್ಟು ಪಾಲು ಎಂಬ ಲೆಕ್ಕವೂ ಎಣಿಸುವ ಬರಹವನ್ನು ಅವಲಂಬಿಸಿ ಏರಿಳಿಯುತ್ತದೆ: ಮಸೀದಿಯ ಪ್ರವಚನದಲ್ಲಿ ಹೆಚ್ಚು, ಅಡುಗೆಮನೆಯ ಮಾತಿನಲ್ಲಿ ಕಡಿಮೆ. ವರ್ಗ ಪ್ರತ್ಯಯಗಳು ಮಾತ್ರ ಎರಡೂ ಕಡೆ ಒಂದೇ.

ಬರಹದ ಮಟ್ಟಿಗೆ ಸ್ವಾಹಿಲಿ ಅರಬ್ಬಿ ಲಿಪಿಯನ್ನೇ ಬಹುಕಾಲ ಬಳಸಿತು. ರೋಮನ್ ಲಿಪಿ ಬಂದದ್ದು 19ನೇ ಶತಮಾನದಲ್ಲಿ. ಈವರೆಗೆ ತಿಳಿದಿರುವ ಅತಿ ಹಳೆಯ ಸ್ವಾಹಿಲಿ ದಾಖಲೆಗಳು 1711ರಲ್ಲಿ ಅದೇ ಕರಾವಳಿಯ ಕಿಲ್ವಾದಲ್ಲಿ ಅರಬ್ಬಿ ಲಿಪಿಯಲ್ಲಿ ಬರೆದು ಮೊಜಾಂಬಿಕ್‌ಗೆ ಕಳಿಸಿದ ಪತ್ರಗಳು. ಅವುಗಳ ಮೂಲ ಪ್ರತಿಗಳು ಕರ್ನಾಟಕದ ನೆರೆಯ ಗೋವೆಯ ಐತಿಹಾಸಿಕ ದಫ್ತರಖಾನೆಯಲ್ಲಿವೆ.