ಕೊಟ್ಟೆ ಕಟ್ಟುತ್ತಿದ್ದ ಕಾಲ

ಮೇ ತಿಂಗಳು ಮುಗೀತಾ ಬಂತು ಅಂದ್ರೆ ಎಂಗಳ ಹುಲಿಕಲ್ ಬದಿಯ ಮನೆಗಳಲ್ಲಿ ಕೂರಲೆ ಪುರ್ಸೊತ್ತಿಲ್ಲೆ. ಹಪ್ಪಳ, ಸಂಡಿಗೆ ಒಣಗಿ ಡಬ್ಬ ಸೇರವು, ಕಟ್ಟಿಗೆ, ದರಕು ಒಳಗೆ ಬರವು, ಅಷ್ಟರೊಳಗೆ ತೋಟಕ್ಕೆ ಮೊದಲ ಔಷಧಿಯೂ ಆಗವು. ಘಟ್ಟದ ತಲೆ ಮೇಲಿನ ಊರು ಇದು, ಮಳೆ ಹಿಡಿದ್ರೆ ವಾರಗಟ್ಟಲೆ ಬಿಡ್ತಿಲ್ಲೆ. ಅಡಕೆಗೆ ಕೊಳೆ ಬಪ್ಪದೂ ಆವಾಗ್ಲೇಯ.

ಮದುವೆಯಾಗಿ ಬಂದ ವರ್ಷ ಅತ್ತೆ ಅಟ್ಟದಿಂದ ಧೂಳು ಹಿಡಿದ ಒಂದು ಕೊಟ್ಟೆ ಇಳಿಸಿ ತೋರಿಸಿದ್ದ. "ಇದೆಂತಾ ಗೊತ್ತಿದ್ದಾ ಕೂಸೆ? ಅಡಕೆ ಕೊನೆಯ ಗೊರಬು" ಹೇಳಿ ನೆಗ್ಯಾಡಿದ. ಕರಡದ ಹುಲ್ಲಲ್ಲಿ ಮಾಡಿದ ಟೊಪ್ಪಿ ಅದು. ಔಷಧಿ ಬಪ್ಪಕ್ಕಿಂತ ಮೊದಲು, ಮಳೆನೀರು ತಾಗದಂಗೆ ಮರ ಹತ್ತಿ ಒಂದೊಂದು ಕೊನೆಗೂ ಇದನ್ನು ಕಟ್ಟವಾಗಿತ್ತು. ಎಕರೆಗೆ 500 ಮರ, ಮರಕ್ಕೆ 2 ಕೊನೆ ಹೇಳಿ ಹಿಡಿದ್ರೂ 1000 ಕೊಟ್ಟೆ! ಹುಲ್ಲು ಕೊಯ್ದು ತಂದು, ಬೇಸಿಗೆ ಇಡೀ ಜಗಲಿ ಮೇಲೆ ಕೂತು ಕಟ್ಟದು. ಹುಲ್ಲಿನ ಅಂಚು ಬೆರಳು ಕೊಯ್ತಿತ್ತಡ.

ಇದನ್ನು ಬದಲಾಯಿಸಿದವರಲ್ಲಿ ಮುಖ್ಯರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಅವರು ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿದರು. ಅದಕ್ಕೆ ಕಾರಣ ಒಂದು ಶಿಲೀಂಧ್ರ ಎಂದು 1910ರಲ್ಲಿ ಬರೆದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಕೊನೆಗಳಿಗೆ ಸಿಂಪಡಿಸಲು ಅವರು ಹೇಳಿದ್ದು ಬೋರ್ಡೋ ದ್ರಾವಣ. ಅದರ ಹುಟ್ಟು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಬದಿಯ ಹಣ್ಣು ಕದಿಯೋರನ್ನು ಹೆದರಿಸಲೆಂದು ಬಳಿದ ಮೈಲುತುತ್ತ, ಸುಣ್ಣ ರೋಗವನ್ನೂ ತಡೆದದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ಕಳ್ಳರ ಉಪಕಾರ ಹೇಳವು!

ಈಗಲೂ ಅದೇ ಲೆಕ್ಕ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸವು. ಕಬ್ಬಿಣದ ಪಾತ್ರೆ ಆಗ. "ಕತ್ತಿ ಅದ್ದಿ ನೋಡು ತಂಗಿ, ಕೆಂಪಾದ್ರೆ ಸುಣ್ಣ ಸಾಲ್ತಿಲ್ಲೆ" ಹೇಳಿ ಮಾವಯ್ಯ ಎನಗೆ ಕಲಿಸಿದ್ದು.

ಒಂದು ವರ್ಷ ಮಾವಯ್ಯ ಹಾಸಿಗೆ ಹಿಡಿದಿದ್ದ. ಮೊದಲ ಔಷಧಿ ಆಗಿತ್ತು. 40-45 ದಿನಕ್ಕೆ ಎರಡನೇದು ಆಗವು, ಮಳೆ ಬಿಡಲಿ ಹೇಳಿ ಕಾದ್ಯ. ನಡುವೆ ಒಂದು ದಿನ ಹೊಳವಾಗಿತ್ತು. ಕೊನೆಗೌಡ ಬೆಳಿಗ್ಗೆಯೇ ಬಂದು ನಿಂತಿದ್ದ. ಆನೇ "ಇವತ್ತು ಆಳಿಗೆ ಅಡುಗೆ ಮಾಡಲೆ ಆಗ್ತಿಲ್ಲೆ, ನಾಳೆ ನೋಡನ" ಅಂದಿದ್ದಿ. ನಾಳೆ ಮತ್ತೆ ಮಳೆ. ಹತ್ತು ದಿನ ಬಿಟ್ಟು ತೋಟಕ್ಕೆ ಹೋದ್ರೆ ಮರದ ಬುಡದಲ್ಲೆಲ್ಲ ಹಸಿ ಅಡಕೆ, ಮೇಲೆ ಬಿಳಿ ಬೂಷ್ಟು. ಅರ್ಧ ಬೆಳೆ ಹೋತು. ಮಗಳ ಪಿಯುಸಿ ಫೀಸಿಗೆ ಎನ್ನ ಎರಡು ಬಳೆ ಅಡವಿಟ್ಟಾತು.

ಮಾವಯ್ಯಂಗೆ ಯಾರೂ ಹೇಳಿರ್ಲಿಲ್ಲೆ. ಗಂಜಿ ಕೊಡಲೆ ಹೋದಾಗ ಅವರೇ ಹೇಳಿದ: "ಮಲಗಿದಲ್ಲಿಗೇ ಅಡಕೆ ಬೀಳ ಶಬ್ದ ಕೇಳ್ತು ತಂಗಿ." ಆನು ಹೊಳವಾದ ದಿನದ ಸುದ್ದಿ ಹೇಳಲೆ ಬಾಯಿ ತೆಗೆದಿದ್ದಿ. ಅವರು ಕೇಳಿಸಿಕೊಳ್ಳದೆ, ಉಪ್ಪಿನಕಾಯಿ ಇನ್ನೊಂದು ಹೋಳು ಹಾಕು ಅಂದ.

ಆವತ್ತಿಂದ ಎರಡನೇ ಔಷಧಿಯ ದಿನ ಕ್ಯಾಲೆಂಡರಲ್ಲಿ ಗುರುತು ಹಾಕದು ಆನೇ. ಆ ವಾರ ಅವಲಕ್ಕಿ ಡಬ್ಬ ತುಂಬಿಸಿ ಇಟ್ಕತ್ತಿ, ಆಳು ಎಷ್ಟು ಹೊತ್ತಿಗೆ ಬಂದ್ರೂ ಆತು.